ಮಗುವಿನ ಬಳಿ ಯಾರಿದ್ದಾರೆ?

ಮೊಂತಿ ಹಬ್ಬದ ಪ್ರಬೋಧನೆ



ಇಂದು ಕನ್ಯಾ ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನಗಳಿಂದ ನೀವು ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನವರ ಪಾದಕ್ಕೆ ಅರ್ಪಿಸಿದ್ದೀರಿ. ಇಂದು ಹೊಸ ತೆನೆಯ ಆಶೀರ್ವಾದವಾಗಿದೆ. ಮನೆಗೆ ಹೋಗಿ ಆ ತೆನೆಯ ಕಾಳು ಸುಲಿದು ಪಾಯಸಕ್ಕೆ ಬೆರೆಸಿ, ಎಲ್ಲರೂ ಒಟ್ಟಿಗೆ ಕುಳಿತು ಬಾಳೆಲೆಯಲ್ಲಿ ಊಟ ಮಾಡುತ್ತೀರಿ. ನಮ್ಮ ಧರ್ಮಸಭೆ ಈ ದಿನವನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತದೆ. ಒಟ್ಟಿನಲ್ಲಿ ಇದು ಮಗುವಿನ ಹಬ್ಬ, ಮನೆಯ ಹಬ್ಬ. ಆದ್ದರಿಂದ ಇಂದು ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಕಷ್ಟದ ನಡುವೆ ಬೆಳೆಯುವ ಮಗು ಯಾವುದರ ಬಲದಿಂದ ಉಳಿಯುತ್ತದೆ?

ಇಂದಿನ ಶುಭಸಂದೇಶ ಕೇಳುವಾಗ ಕೆಲವರಿಗೆ ಆಕಳಿಕೆ ಬಂದಿರಬಹುದು. ಅಬ್ರಹಾಮನಿಂದ ಹಿಡಿದು ಜೋಸೆಫರ ತನಕ ಹೆಸರಿನ ಮೇಲೆ ಹೆಸರು. ಆದರೆ ಆ ಪಟ್ಟಿಯನ್ನು ನಿಧಾನವಾಗಿ ಓದಿ ನೋಡಿ. ಅಲ್ಲಿ ಆಸರೆ ಕಳೆದುಕೊಂಡ ವಿಧವೆ ತಾಮಾರಳಿದ್ದಾಳೆ. ಜನ ಬೆರಳು ತೋರಿಸುತ್ತಿದ್ದ ರಾಹಾಬಳಿದ್ದಾಳೆ. ಪರದೇಶದಿಂದ ಬಂದ ರೂತಳಿದ್ದಾಳೆ. ಊರೀಯನ ಹೆಂಡತಿಯ ನೋವಿನ ಕಥೆ ಇದೆ. ಮತ್ತಾಯರು ಬರೆದದ್ದು ಕಲೆಯಿಲ್ಲದ ಮನೆತನದ ಪಟ್ಟಿಯನ್ನಲ್ಲ. ಆ ವಂಶದಲ್ಲಿ ಹುಟ್ಟಿದ ಮಗುವಿನ ಬಾಲ್ಯವೂ ಸುಗಮವಾಗಿರಲಿಲ್ಲ. ಮನೆಯಿಂದ ದೂರ ಹೆರಿಗೆ, ಕೊಲ್ಲಲು ಹುಡುಕುವ ರಾಜ, ರಾತ್ರೋರಾತ್ರಿ ಈಜಿಪ್ಟಿಗೆ ಓಟ, ಪರದೇಶದಲ್ಲಿ ವಾಸ. ಇಂದಿನ ಮಕ್ಕಳ ತಜ್ಞರು ಇದನ್ನು ನೋಡಿದರೆ ಅಪಾಯಗಳ ಉದ್ದ ಪಟ್ಟಿಯನ್ನೇ ಬರೆದಾರು. ಆದರೆ ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಾಲನ್ನೂ ಬರೆಯಬೇಕಾಗುತ್ತದೆ: ಮಗುವಿನ ಬಳಿ ಇಬ್ಬರಿದ್ದರು. ಆ ಇಬ್ಬರೂ ಬಿಟ್ಟು ಹೋಗಲಿಲ್ಲ.

ಈ ಇನ್ನೊಂದು ಸಾಲೇ ಇಂದಿನ ನಮ್ಮ ಚಿಂತನೆಯ ವಿಷಯ.

ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಧರ್ಮಕೇಂದ್ರಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲನೆಯದಾಯಿತು. 2025ರಲ್ಲಿ ದಕ್ಷಿಣ ಕನ್ನಡದ ನಂತರ ಎರಡನೆಯ ಸ್ಥಾನ ಪಡೆಯಿತು. ಇದು ಹೆಮ್ಮೆಯ ಸಂಗತಿ. ಬಡತನದಲ್ಲಿ ಓದಿ ಗೆದ್ದ ಮಗುವಿಗೆ ಶಾಲು ಹೊದಿಸುವಾಗ ವೇದಿಕೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಕೆಸರಿನಲ್ಲಿ ಅರಳಿದ ಕಮಲ." ಮಗುವಿನ ಛಲವನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ಆ ಮಾತಿನ ಬೆನ್ನಿಗೆ ಇನ್ನೊಂದು ಮಾತು ಯಾರೂ ಹೇಳದೆಯೇ ಅಂಟಿಕೊಂಡು ಬರುತ್ತದೆ. ಗೆದ್ದವನಿಗೆ ಛಲವಿತ್ತು ಎಂದರೆ ಸೋತವನಿಗೆ ಇರಲಿಲ್ಲ ಎಂದಾಯಿತು. ನೂರರಲ್ಲಿ 94 ಮಂದಿ ತೇರ್ಗಡೆಯಾದ ಜಿಲ್ಲೆಯಲ್ಲಿ ಉಳಿದ ಆರು ಮಂದಿ ಆ ದಿನ ಎಲ್ಲಿದ್ದರು? ಯಾವ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದರು? ಅವರ ಮನೆಗೆ ಯಾರು ಹೋದರು?

ಕಷ್ಟವನ್ನು ದಾಟುವ ಶಕ್ತಿ ಮಗುವಿನೊಳಗೆ ಮಾತ್ರ ಇರುವುದಿಲ್ಲ. ಸುತ್ತಲಿನವರು ಅದನ್ನು ಮಗುವಿಗೆ ಕೊಡುತ್ತಾರೆ, ಅಥವಾ ಕೊಡದೆ ಉಳಿಯುತ್ತಾರೆ. ಇದು ನಮ್ಮ ಕಲ್ಪನೆಯ ಮಾತಲ್ಲ. ವರ್ಷಾನುಗಟ್ಟಲೆ ಮಕ್ಕಳ ಬೆಳವಣಿಗೆಯನ್ನು ಗಮನಿಸಿದವರು ಕಂಡುಕೊಂಡ ಸತ್ಯ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬ ಒಂದು ದ್ವೀಪವಿದೆ. ಕಬ್ಬು ಮತ್ತು ಅನಾನಸು ತೋಟಗಳ ಕೂಲಿಯವರು ಹೆಚ್ಚಾಗಿದ್ದ ಜಾಗ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮಹಿಳೆಯರು ತಮ್ಮ ಸಂಗಡಿಗರೊಂದಿಗೆ ಅವರಿಗೆ ನಲವತ್ತು ವಯಸ್ಸಾಗುವ ತನಕ ಅಧ್ಯಯನ ಮಾಡಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳ ಪಾಲಿಗೆ ಕಷ್ಟಗಳ ರಾಶಿಯೇ ಇತ್ತು. ಬಡತನ, ಹೆರಿಗೆಯ ತೊಂದರೆ, ಕುಡಿಯುವ ತಂದೆ, ಮನೋರೋಗದಿಂದ ನರಳುವ ತಾಯಿ, ಮನೆಯಲ್ಲಿ ನಿತ್ಯ ಜಗಳ. ಈ ಮಕ್ಕಳಲ್ಲಿ ಹೆಚ್ಚಿನವರು ಹದಿನೆಂಟು ತುಂಬುವುದರೊಳಗೆ ಓದಿನಲ್ಲೋ ನಡತೆಯಲ್ಲೋ ಮನಸ್ಸಿನಲ್ಲೋ ತೊಂದರೆ ಕಂಡರು. ಆದರೆ ಮೂವರಲ್ಲಿ ಒಬ್ಬರಂತೆ ಚೆನ್ನಾಗಿ ಬೆಳೆದರು. ಕೆಲಸ ಮಾಡಬಲ್ಲ, ಪ್ರೀತಿಸಬಲ್ಲ ಮನುಷ್ಯರಾದರು.

ಅವರಲ್ಲಿ ಏನು ವಿಶೇಷವಿತ್ತು? ಕೆಲವರದ್ದು ಹುಟ್ಟಿನಿಂದಲೇ ನಗುಮುಖದ ಸ್ವಭಾವ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮತ್ತೆ ಮತ್ತೆ ಕಂಡುಬಂದ ಸಂಗತಿಗಳು ಬೇರೆ. ಮಗುವನ್ನು ತನ್ನದೆಂದು ಹಚ್ಚಿಕೊಂಡ ಒಬ್ಬರಾದರೂ ಹಿರಿಯರಿದ್ದರು. ಹೆತ್ತವರಿಗೆ ಆಗದಿದ್ದಾಗ ಅಜ್ಜಿ, ಚಿಕ್ಕಮ್ಮ ಅಥವಾ ಅಕ್ಕ ಆ ಜಾಗದಲ್ಲಿ ನಿಂತಿದ್ದರು. ಮನೆಯ ಹೊರಗೆ ಒಬ್ಬ ಶಿಕ್ಷಕರೋ, ನೆರೆಯವರೋ, ಚರ್ಚಿನ ಹಿರಿಯರೋ ಇದ್ದರು. ಮಗುವಿನ ಕೈಗೆ ಒಂದು ಜವಾಬ್ದಾರಿಯೂ ಇತ್ತು. ಇನ್ನೂ ಸಂತೋಷದ ವಿಷಯವೆಂದರೆ, ಹದಿನೆಂಟರಲ್ಲಿ ದಾರಿ ತಪ್ಪಿದ್ದವರಲ್ಲಿ ಬಹುಮಂದಿ ಮೂವತ್ತು ದಾಟುವಾಗ ಸರಿದಾರಿಗೆ ಬಂದಿದ್ದರು. ಒಳ್ಳೆಯ ಬಾಳಸಂಗಾತಿ, ಮತ್ತೆ ಓದುವ ಅವಕಾಶ, ಒಂದು ಭಕ್ತಸಮುದಾಯ ಅವರಿಗೆ ಎರಡನೆಯ ಬಾಗಿಲು ತೆರೆದಿತ್ತು. ಆದ್ದರಿಂದ ಯಾವ ಮಗುವಿನ ಬಗ್ಗೆಯೂ "ಇವನದ್ದು ಮುಗಿಯಿತು" ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಮಾಸ್ಟನ್ 2001ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಒಂದು ತೀರ್ಮಾನಕ್ಕೆ ಬಂದರು. ಪುಟಿದೇಳುವ ಈ ಬಲ ಅಪರೂಪದ ವರವಲ್ಲ, ದಿನನಿತ್ಯದ ಸಾಮಾನ್ಯ ಸಂಗತಿಗಳಿಂದ ಬರುವಂಥದ್ದು ಎಂದು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಆಶೀರ್ವದಿಸಿದ ತೆನೆ ಮಳೆಗಾಲದ ಆರಂಭದಲ್ಲಿ ನೇಜಿಯಾಗಿತ್ತು. ಕಿತ್ತು ನೆಟ್ಟಾಗ ಬಾಡಿ ಮಲಗಿತ್ತು. ಮತ್ತೆ ಎದ್ದು ನಿಂತದ್ದು ನೇಜಿಯ ಗುಣದಿಂದ ಹೌದು. ಆದರೆ ಗದ್ದೆಯಲ್ಲಿ ನೀರು ನಿಲ್ಲಿಸಿದವರು ಯಾರು? ಜೋರು ಮಳೆಗೆ ಬದು ಒಡೆದಾಗ ಹಾರೆ ಹಿಡಿದು ಓಡಿದವರು ಯಾರು?

ಪ್ರೀತಿಯ ಭಕ್ತಾದಿಗಳೇ, ಇನ್ನು ನಮ್ಮ ಮನೆಗಳತ್ತ ಬರೋಣ. ಬ್ರಿಟನ್ನಿನ ಮೈಕೆಲ್ ರಟ್ಟರ್ ಎಂಬ ವೈದ್ಯರು 1970ರ ದಶಕದಲ್ಲಿ ಗಮನಿಸಿದ ಒಂದು ಸಂಗತಿ ಇಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಕಷ್ಟವಿರುವ ಮಗು ಸಾಮಾನ್ಯವಾಗಿ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಎರಡು, ಮೂರು, ನಾಲ್ಕು ಕಷ್ಟಗಳು ಕೂಡಿದಾಗ ಮಾತ್ರ ಅಪಾಯ ಹಲವು ಪಟ್ಟು ಏರುತ್ತದೆ.

ತಂದೆ ಗಲ್ಫ್‌ನಲ್ಲಿ ಅಥವಾ ಹಡಗಿನಲ್ಲಿ ದುಡಿಯುವುದು ನಮ್ಮ ಕರಾವಳಿಗೆ ಹೊಸತಲ್ಲ. ಅದೊಂದರಿಂದಲೇ ಮಗು ಹಾಳಾಗುವುದಿಲ್ಲ. ಆದರೆ ತಂದೆ ದೂರ, ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ತಾಯಿಗೆ ಹೆರಿಗೆಯ ನಂತರ ಕವಿದ ಖಿನ್ನತೆ ಇಳಿದಿಲ್ಲ, ಮನೆ ಸಾಲ ಬೇರೆ. ಆಗ ಹೊರೆ ಭಾರವಾಗುತ್ತದೆ. ಮಲ್ಪೆಯ ಯಾಂತ್ರಿಕ ದೋಣಿಗಳಲ್ಲಿ ದುಡಿಯುವವರಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ಸಂಪಾದನೆ ನಿಂತ ಮನೆಗೆ ಶಾಲೆಯ ಫೀಸು, ಪುಸ್ತಕ, ಕೊಡೆಯ ಖರ್ಚು ಬರುವುದೂ ಆಗಲೇ. ಅದರ ಮೇಲೆ ಕುಡಿತ ಸೇರಿಕೊಂಡರೆ ರಾತ್ರಿ ಆ ಮನೆಯ ಮಗು ಪುಸ್ತಕ ಬಿಡಿಸಿದರೂ ಕಿವಿ ಬಾಗಿಲ ಕಡೆಗೇ ಇರುತ್ತದೆ. ಕಾರ್ಕಳದ ಕಡೆ ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಗೆ ಹೋಗಿ ಮಕ್ಕಳನ್ನು ಓದಿಸುವ ತಾಯಂದಿರಿದ್ದಾರೆ. ಮಣಿಪಾಲದ ಸುತ್ತ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವರ್ಷಕ್ಕೊಂದು ಶಾಲೆ ಕಾಣುವುದುಂಟು. ಅದೇ ಮಣಿಪಾಲದ ಫ್ಲ್ಯಾಟುಗಳಲ್ಲಿ ಯಾವುದಕ್ಕೂ ಕೊರತೆಯಿಲ್ಲದೆ, ಮಾತನಾಡಲು ಮಾತ್ರ ಯಾರೂ ಇಲ್ಲದ ಮಕ್ಕಳೂ ಇದ್ದಾರೆ.

ಈ ಎಲ್ಲ ಕಷ್ಟಗಳನ್ನು ನಾವು ತೆಗೆದುಹಾಕಬಲ್ಲೆವೇ? ಇಲ್ಲ. ಆದರೆ ಕಷ್ಟಗಳು ಕೂಡಿಕೊಂಡು ಹೊರೆಯಾಗುತ್ತವೆ ಎಂದಾದರೆ, ಆ ಹೊರೆಯಿಂದ ಒಂದು ಕಟ್ಟಿಗೆಯನ್ನು ಎಳೆದು ತೆಗೆದರೂ ಮಗುವಿಗೆ ಹಗುರವಾಗುತ್ತದೆ. ಎಲ್ಲವನ್ನೂ ಸರಿಪಡಿಸಲು ನಮ್ಮಿಂದಾಗದು ಎಂದು ಸುಮ್ಮನೆ ಕುಳಿತುಕೊಳ್ಳಲು ಕಾರಣವೇ ಇಲ್ಲ.

ಕಾರ್ಕಳ ಕಡೆಯ ಒಂದು ಧರ್ಮಕೇಂದ್ರದಲ್ಲಿ ನಡೆದ ಸಂಗತಿ. ತಾಯಿಯನ್ನು ಕಳೆದುಕೊಂಡ ಒಬ್ಬ ಹುಡುಗಿ ಒಳ್ಳೆಯ ಅಂಕ ಪಡೆದು ಸನ್ಮಾನಕ್ಕೆ ಬಂದಿದ್ದಳು. ಎರಡು ಮಾತನಾಡು ಎಂದು ಮೈಕ್ ಕೊಟ್ಟರು. ಅವಳು ಗುರುಗಳ, ಶಿಕ್ಷಕರ ಹೆಸರು ಹೇಳಿ ಕೊನೆಗೆ ಆಚೆಮನೆಯ ಅಕ್ಕನ ಹೆಸರು ಹೇಳಿದಳು. ಆ ಅಕ್ಕ ನಮ್ಮ ಸಮುದಾಯದವರಲ್ಲ, ಶಾಲೆ ಕಲಿತವರೂ ಅಲ್ಲ, ಬೀಡಿ ಕಟ್ಟುವವರು. ಹುಡುಗಿ ಕತ್ತಲಾದ ಮೇಲೆ ಟ್ಯೂಷನ್ ಮುಗಿಸಿ ಬರುವ ತನಕ ಅವರು ತಮ್ಮ ಜಗಲಿಯ ದೀಪ ಆರಿಸುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಮಾತು: "ಬಂದಿಯಾ ಮಗಾ? ಊಟ ಉಂಟಾ, ಅಲ್ಲ ಇಲ್ಲೇ ಮಾಡ್ತೀಯಾ?" ಬುದ್ಧಿಮಾತು ಹೇಳಲಿಲ್ಲ, ಹಣ ಕೊಡಲಿಲ್ಲ. ತಾನು ಬಂದೆನೋ ಇಲ್ಲವೋ ಎಂದು ಕಾಯುವವರೊಬ್ಬರು ಇದ್ದಾರೆ ಎಂಬುದಷ್ಟೇ ಆ ಹುಡುಗಿಗೆ ಸಾಕಾಗಿತ್ತು. ಆ ದಿನದ ಶಾಲಿನಲ್ಲಿ ಅರ್ಧ ಪಾಲು ಆ ಅಕ್ಕನದು.

ಹಾಗಾದರೆ ಮನೆಯವರಾಗಿ, ನೆರೆಯವರಾಗಿ ನಾವು ಮಾಡಬೇಕಾದದ್ದೇನು? ಐದು ಮಾತು ಹೇಳುತ್ತೇವೆ.

ಮೊದಲನೆಯದಾಗಿ, ಮಗು ಹುಟ್ಟುವ ಮೊದಲೇ ಶುರುಮಾಡಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿನ ನಂತರ ಹೃದಯದ ಕಾಯಿಲೆ ಹೆಚ್ಚು ಎಂಬುದು 1996ರಲ್ಲಿ ಪ್ರಕಟವಾಯಿತು. ಬಸುರಿಯ ತಟ್ಟೆಯಲ್ಲಿ ಏನಿತ್ತು ಎಂಬುದು ಐವತ್ತು ವರ್ಷಗಳ ನಂತರವೂ ಮಾತನಾಡುತ್ತದೆ. ಬಸುರಿ ಸೊಸೆಗೆ ಹೊಟ್ಟೆತುಂಬ ಊಟ, ವಿಶ್ರಾಂತಿ, ಜಗಳವಿಲ್ಲದ ಮನೆ ಕೊಡುವುದೇ ಮಗುವಿಗೆ ಕೊಡುವ ಮೊದಲ ಆಸ್ತಿ. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ "ನಾಟಕ" ಎನ್ನಬೇಡಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಎರಡನೆಯದಾಗಿ, ಒಬ್ಬರು ಸ್ಥಿರವಾಗಿರಬೇಕು. ದಿನವಿಡೀ ಜೊತೆಗಿರಬೇಕೆಂದಿಲ್ಲ, ನಂಬುವಂತಿರಬೇಕು. ಹೆದರಿದ ಮಗುವಿನ ಎದೆ ಡವಗುಟ್ಟುತ್ತದೆ, ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಯಾರಾದರೂ ಎತ್ತಿಕೊಂಡು ಸಂತೈಸಿದರೆ ಅದು ಇಳಿಯುತ್ತದೆ. ಸಂತೈಸುವವರೇ ಇಲ್ಲದೆ ತಿಂಗಳುಗಟ್ಟಲೆ ಏರಿಯೇ ಇದ್ದರೆ ಬೆಳೆಯುವ ಮೆದುಳಿಗೇ ಪೆಟ್ಟು. ದೂರದಲ್ಲಿರುವ ತಂದೆಯಂದಿರಿಗೆ ಒಂದು ಮಾತು. ಹೊಸ ಅಕ್ಕಿಯಲ್ಲಿ ಪರವೂರಿನಲ್ಲಿರುವವರಿಗೂ ಒಂದು ಪಾಲು ತೆಗೆದಿಡುವುದು ನಮ್ಮ ಹಿರಿಯರ ಪದ್ಧತಿ. ಹಾಗೆಯೇ ನೀವು ನಿಮ್ಮ ದಿನದಲ್ಲಿ ಮಗುವಿಗೊಂದು ಪಾಲು ತೆಗೆದಿಡಿ. ಫೋನ್ ಮಾಡುವ ಹೊತ್ತು ತಪ್ಪದಿರಲಿ. ಅಂಕ ಎಷ್ಟು ಎಂದು ಕೇಳುವ ಮೊದಲು ಇವತ್ತು ಯಾರ ಜೊತೆ ಆಡಿದೆ ಎಂದು ಕೇಳಿ.

ಮೂರನೆಯದಾಗಿ, ಮಗುವಿನ ಕೈಗೆ ಒಂದು ಕೆಲಸವಿರಲಿ. ಶಂಕರಪುರದ ಮಲ್ಲಿಗೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ಯುವಾಗ ಮಕ್ಕಳ ಕೈಯೂ ಸೇರುತ್ತದೆ. "ನೀನಿಲ್ಲದಿದ್ದರೆ ಇವತ್ತು ಚೆಂಡು ಕಟ್ಟಿ ಮುಗಿಯುತ್ತಿರಲಿಲ್ಲ" ಎಂಬ ಮಾತು ಕೇಳಿದ ಮಗುವಿಗೆ ತಾನು ಬೇಕಾದವನು ಎಂದು ಗೊತ್ತಾಗುತ್ತದೆ. ಆದರೆ ಪಾಲು ಬೇರೆ, ಹೊರೆ ಬೇರೆ. ಕುಡಿದು ಬಂದ ತಂದೆಯನ್ನು ಕಾಯುವುದು, ಸಾಲಗಾರರಿಗೆ ಉತ್ತರ ಹೇಳುವುದು ಮಗುವಿನ ಕೆಲಸವಲ್ಲ.

ನಾಲ್ಕನೆಯದಾಗಿ, ಮನೆಯ ಹೊರಗೊಂದು ಬಾಗಿಲು ತೆರೆದಿರಲಿ. ಅಂಗನವಾಡಿಯ ಟೀಚರ್, ಶಾಲೆಯ ಮಾಸ್ತರರು, ಕ್ರೈಸ್ತ ಶಿಕ್ಷಣದ ಸಿಸ್ಟರ್, ವಾಲಿಬಾಲ್ ಕಲಿಸುವ ಯುವಕ, ಯಾರೂ ಆಗಬಹುದು. ನಿಮ್ಮ ಮಗು ಅವರನ್ನು ಹಚ್ಚಿಕೊಂಡರೆ ಹೊಟ್ಟೆಕಿಚ್ಚು ಪಡಬೇಡಿ. ಆದರೆ ಅವರು ಯಾರು, ಎಂಥವರು ಎಂದು ತಿಳಿದುಕೊಂಡಿರಿ.

ಐದನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಪುಟಿದೇಳುವ ಬಲ ಎಂದರೆ ಸಹಿಸಿಕೊಂಡು ಸುಮ್ಮನಿರುವುದಲ್ಲ. ಇಂದು ಹೆಣ್ಣುಮಗುವಿನ ದಿನ. ಹೊಡೆತವನ್ನೋ ಕೆಟ್ಟ ಕೈಯನ್ನೋ ಸಹಿಸಿ ಬಾಯಿ ಮುಚ್ಚಿಕೊಂಡ ಹುಡುಗಿಯನ್ನು "ಎಷ್ಟು ತಾಳ್ಮೆ" ಎಂದು ಹೊಗಳುವುದು ಪಾಪ. ಗಂಡುಮಗುವಿಗೂ ಇದೇ ಮಾತು ಅನ್ವಯಿಸುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ. ಮನೆತನದ ಮರ್ಯಾದೆ, ಸಂಸ್ಥೆಯ ಹೆಸರು, ಚರ್ಚಿನ ಹೆಸರು ಯಾವುದೂ ಮಗುವಿಗಿಂತ ದೊಡ್ಡದಲ್ಲ. ತೊಂದರೆಯಲ್ಲಿರುವ ಮಗುವಿಗಾಗಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಮಕ್ಕಳೇ, ನೀವೂ ಮಾಡಬಹುದು. ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ.

ಪ್ರೀತಿ ಇದ್ದರೂ ಸಾಲದ ಸಂದರ್ಭಗಳಿವೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ನಿದ್ದೆ ಬಿಟ್ಟ ಮಗು, ಊಟ ಬಿಟ್ಟ ಮಗು, ಗೆಳೆಯರನ್ನು ಬಿಟ್ಟ ಮಗು, ಸಾಯುವ ಮಾತನಾಡುವ ಮಗು, ಇವರಿಗೆ ಪ್ರಾರ್ಥನೆಯ ಜೊತೆ ಚಿಕಿತ್ಸೆಯೂ ಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೂ ಕುಡಿತ ಬಿಡಿಸುವುದಕ್ಕೂ ಚಿಕಿತ್ಸೆ ಇದೆ. ಮನೆಯಿಂದಲೇ ಮಾತನಾಡಲು 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಇದೆ. ತಂದೆಯ ಕುಡಿತಕ್ಕೆ ಚಿಕಿತ್ಸೆ ಕೊಡಿಸಿದವರು ಮಗುವಿನ ಹೊರೆಯಿಂದ ಅತಿ ದೊಡ್ಡ ಕಟ್ಟಿಗೆಯನ್ನೇ ತೆಗೆದಂತೆ.

ಕೊನೆಯದಾಗಿ ನಮ್ಮ ಧರ್ಮಕೇಂದ್ರಕ್ಕೆ ಒಂದು ಸಲಹೆ. ಮುಂದಿನ ವರ್ಷ ಫಲಿತಾಂಶ ಬಂದ ದಿನ ಪ್ರತಿ ವಾಳೆಯ ಗುರಿಕಾರರು ಮೊದಲು ತೇರ್ಗಡೆಯಾಗದ ಮಗುವಿನ ಮನೆಗೆ ಹೋಗಲಿ. ಉಪದೇಶ ಬೇಡ. ಒಂದು ಲೋಟ ಚಹಾ ಕುಡಿದು, ಮಗುವಿನ ಹೆಸರು ಹಿಡಿದು ಮಾತನಾಡಿಸಿ ಬಂದರೆ ಸಾಕು. ಅದೇ ವರ್ಷದಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಹೆತ್ತವರಿಗೆ ನೆನಪಿಸಲಿ. ಪುರಸ್ಕಾರದ ದಿನ ಗೆದ್ದ ಮಗುವಿಗೆ ಶಾಲು ಹೊದಿಸುವಾಗ ಒಂದು ಪ್ರಶ್ನೆ ಕೇಳೋಣ: "ನಿನ್ನ ಬಳಿ ಯಾರಿದ್ದರು, ಮಗು?" ಅದು ಹೆಸರಿಸುವ ಅಜ್ಜಿಯನ್ನೋ, ಟೀಚರನ್ನೋ, ಆಚೆಮನೆಯ ಅಕ್ಕನನ್ನೋ ವೇದಿಕೆಗೆ ಕರೆಯೋಣ. ಸೋತ ಮಗುವಿನ ವಿಷಯದಲ್ಲಿ "ಇವನಿಗೇನಾಗಿದೆ?" ಎಂದು ಕೇಳುವ ಬದಲು "ಇವನ ಬಳಿ ಯಾರಿದ್ದಾರೆ?" ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಯಾರೂ ಇಲ್ಲವೆಂದಾದರೆ, ಆ ಜಾಗ ನಮ್ಮಲ್ಲಿ ಒಬ್ಬರಿಗಾಗಿ ಖಾಲಿಯಿದೆ.

ಈ ಒಂಬತ್ತು ದಿನ ಹೂ ತಂದ ಮಕ್ಕಳಲ್ಲಿ ಎಲ್ಲರ ಅಂಗಳದಲ್ಲೂ ಹೂಗಿಡ ಇರಲಿಲ್ಲ. ಬೇಲಿಯಾಚೆಯ ಮನೆಯವರು "ಬೇಕಾದಷ್ಟು ಕೊಯ್ದುಕೋ" ಎಂದಿದ್ದರು. ಅದಕ್ಕೇ ಇಂದು ಒಂದು ಬುಟ್ಟಿಯೂ ಬರಿದಾಗಿಲ್ಲ. ಇಂಥ ಔದಾರ್ಯ ಹೂವಿಗೆ ಮಾತ್ರ ಸೀಮಿತವಾಗದಿರಲಿ.

ಮಗುವಾಗಿ ಹುಟ್ಟಿ, ಮಗುವನ್ನು ಎತ್ತಿಕೊಂಡು ಪರದೇಶಕ್ಕೆ ನಡೆದ ಮಾತೆ ಮರಿಯಮ್ಮ ನಮ್ಮ ಮನೆಗಳ ಎಲ್ಲ ಮಕ್ಕಳನ್ನೂ ಕಾಪಾಡಲಿ. ಸರ್ವರಿಗೂ ಮೊಂತಿ ಹಬ್ಬದ ಆಶೀರ್ವಾದಗಳು. ಆಮೆನ್.